ಹಷರ್ ಸರದಿಯ ಕೊನೆಯ ಹೊಲ: ತಾಜಿಕಿಸ್ತಾನದ ಒಂದು ಗೋಧಿ ಪ್ರಕರಣ

ಒಂದೇ ರಾಶಿಯ ಬೀಜ, ಒಂದೇ ಇಳಿಜಾರು, ನಡುವೆ ಒಂದು ಬದು. ಬದುವಿನಾಚೆಯ ಹೊಲದಲ್ಲಿ 100 ತೆನೆಗೆ ಒಂದೋ ಎರಡೋ ಕೆಟ್ಟಿದ್ದವು. ಈಚೆಯ ಹೊಲದಲ್ಲಿ 20. ಇಡೀ ಪ್ರಕರಣದ ಗಂಟು ಇದ್ದದ್ದು ಆ ಬದುವಿನ ಮೇಲೆ. ಅದನ್ನು ಬಿಡಿಸಿಕೊಳ್ಳಲು ಆ ಮನೆಯವರಿಗೆ ನಾಲ್ಕು ಸುಗ್ಗಿ ಹಿಡಿದವು.

ನೆಲ, ಮನೆ, ಕೂಟ

ಸ್ಥಳ ತಾಜಿಕಿಸ್ತಾನದ ಖತ್ಲಾನ್ ಪ್ರಾಂತದ ಪೂರ್ವಕ್ಕಿರುವ ಗುಡ್ಡಸೀಮೆ. ಊರಿನ, ಮನೆಯವರ ಗುರುತು ಇಲ್ಲಿ ಕೊಟ್ಟಿಲ್ಲ. ಅಳತೆಗಳನ್ನು ದುಂಡಗೆ ಮಾಡಿದೆ. ಗಾಳಿ ಹೊತ್ತು ತಂದು ಸುರಿದ ಲೋಯೆಸ್ ಮಣ್ಣು ಇಲ್ಲಿಯದು. ಆಳವಾಗಿದೆ, ಹಿಟ್ಟಿನಷ್ಟು ನುಣುಪು. ಮಳೆ, ಹಿಮ ಹೆಚ್ಚಾಗಿ ಬೀಳುವುದು ಶರತ್ಕಾಲದ ಕೊನೆಯಿಂದ ಮೇವರೆಗೆ. ಬೇಸಿಗೆ ಒಣ ಒಣ. ಕಾಲುವೆ ನೀರು ತಾಗುವ ನೆಲಕ್ಕೆ ತಾಜಿಕರು ‘ಓಬಿ’ ಎನ್ನುತ್ತಾರೆ, ಮಳೆಯನ್ನೇ ನಂಬಿದ ಇಳಿಜಾರಿಗೆ ‘ಲಲ್ಮಿ’. ಗೋಧಿಗೆ ‘ಗಂದುಮ್’, ರೊಟ್ಟಿಗೆ ‘ನಾನ್’. ನಮ್ಮ ನಾಲಿಗೆಗೂ ಅಪರಿಚಿತವಲ್ಲದ ಪದ.

ಸೋವಿಯತ್ ಕಾಲದಲ್ಲಿ ಈ ಗಣರಾಜ್ಯಕ್ಕೆ ಹತ್ತಿ ಬೆಳೆಯುವ ಪಾಲು ಬಂತು, ಗೋಧಿ ಕಜಕಿಸ್ತಾನದ ಹುಲ್ಲುಗಾವಲಿನಿಂದ ರೈಲಿನಲ್ಲಿ ಬರುತ್ತಿತ್ತು. 1991ರಲ್ಲಿ ಒಕ್ಕೂಟ ಒಡೆಯಿತು; 1992ರಿಂದ 1997ರವರೆಗೆ ಅಂತರ್ಯುದ್ಧ. ರೊಟ್ಟಿಗೆ ಬರ ಬಂದ ಆ ವರ್ಷಗಳಲ್ಲಿ ಅಧ್ಯಕ್ಷರ ಎರಡು ಆದೇಶಗಳ ಮೂಲಕ ಒಟ್ಟು 75,000 ಹೆಕ್ಟೇರ್ ನೆಲವನ್ನು ಮನೆಮನೆಗೆ ಸಾಗುವಳಿಗೆ ಬಿಡಲಾಯಿತು. ಕುರಿ ಮೇಯುತ್ತಿದ್ದ ಇಳಿಜಾರುಗಳೂ ನೇಗಿಲಿಗೆ ಬಿದ್ದವು. ಇವತ್ತಿಗೂ ಪೇಟೆಯಲ್ಲಿ ಸಿಗುವುದು ಬಹುಪಾಲು ಕಜಕ್ ಗೋಧಿಯ ಹಿಟ್ಟೇ, 50 ಕಿಲೋ ಚೀಲದಲ್ಲಿ. ಆದರೆ 2008ರಲ್ಲಿ ಕಜಕಿಸ್ತಾನ ಗೋಧಿ ರಫ್ತನ್ನೇ ನಿಲ್ಲಿಸಿತ್ತು, 2020ರ ಕೋವಿಡ್ ವಸಂತದಲ್ಲಿ ಮತ್ತೆ ಹಿಟ್ಟಿಗೆ ಕಡಿವಾಣ ಹಾಕಿತು. ಹಾಗಾಗಿ ಮನೆಯ ಕಣಜದಲ್ಲಿ ಒಂದಿಷ್ಟು ಸ್ವಂತ ಗೋಧಿ ಇರಲಿ ಎನ್ನುವುದು ಇಲ್ಲಿಯವರಿಗೆ ಹಳೇ ಅಭಿಮಾನವಲ್ಲ, ಲೆಕ್ಕಾಚಾರ.

ಈ ಮನೆಯಲ್ಲಿ ಉಣ್ಣುವ ಬಾಯಿ 9. ಇಬ್ಬರು ಗಂಡುಮಕ್ಕಳು ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ. ಬೇಸಾಯ ನಡೆಸುವವಳು ಅವರ ತಾಯಿ, ಜೊತೆಗೆ ಇಬ್ಬರು ಸೊಸೆಯಂದಿರು. ಮೂರು ತುಂಡಾಗಿ 1.2 ಹೆಕ್ಟೇರ್ ಲಲ್ಮಿ, ಮನೆಯ ಹಿಂದೆ 8 ಸೋತ್ಕಾ ಓಬಿ. ಒಂದು ಸೋತ್ಕಾ ಎಂದರೆ 100 ಚದರ ಮೀಟರ್. ಎರಡು ಹಸುಗಳಿವೆ, ಉಳುವ ಎತ್ತಿಲ್ಲ. ಎತ್ತಿಲ್ಲದಿರುವುದೇ ಮುಂದೆ ಮುಖ್ಯವಾಗುತ್ತದೆ.

ಉಳುಮೆ, ಕೊಯ್ಲು, ಒಕ್ಕಣೆ ಎಲ್ಲ ‘ಹಷರ್’ ಮೇಲೆ ನಡೆಯುತ್ತದೆ. ನಮ್ಮ ಮುಯ್ಯಾಳಿನ ಪದ್ಧತಿಯೇ: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಕೂಲಿ ಇಲ್ಲ, ಊಟ ಉಂಟು. ಈ ಕೂಟದಲ್ಲಿ 14 ಮನೆ, ಎರಡು ಜೋಡಿ ಎತ್ತು, ಒಂದು ಹಳೆಯ ಟ್ರ್ಯಾಕ್ಟರ್. ಕಣವೂ (‘ಖಿರ್ಮನ್’) ಒಂದೇ. ಜರಡಿ, ಚೀಲ, ತೂರುವ ಕವೆಗೋಲು ಎಲ್ಲವೂ ಹಂಚಿಕೆಯವು. ಎತ್ತಿನವರ ಹೊಲಕ್ಕೆ ಮೊದಲ ಉಳುಮೆ. ಆಮೇಲೆ ಟ್ರ್ಯಾಕ್ಟರಿನವರಿಗೆ, ಆಮೇಲೆ ಗಂಡಾಳು ಹೆಚ್ಚಿರುವ ಮನೆಗಳಿಗೆ. ಎತ್ತೂ ಇಲ್ಲದ, ದುಡಿಯುವ ಗಂಡಸರೂ ಊರಲ್ಲಿಲ್ಲದ ಈ ಮನೆ ಸರದಿಯ ತುದಿಯಲ್ಲಿತ್ತು. ಯಾರೂ ಕೂತು ಮಾಡಿದ ನಿಯಮವಲ್ಲ, ಹಾಗಾಗಿ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಕಣದ ಮೇಲಿನ ಕರಿ ದೂಳು

ಮೊದಲ ವರ್ಷ ಒಕ್ಕಣೆಯ ಹೊತ್ತಿಗೆ ಎತ್ತಿನ ಗೊರಸಿನಡಿಯಿಂದ ಸ್ವಲ್ಪ ಕರಿ ದೂಳು ಎದ್ದಿತ್ತು. ಗಮನಿಸಿದವರು ಕಡಿಮೆ. ಎರಡನೆಯ ವರ್ಷ ದೂಳು ಮೋಡದಂತೆ ಎದ್ದಿತು, ಹಂತಿ ಹೊಡೆಯುವವರ ಮುಖವೆಲ್ಲ ಮಸಿ. ರಾಶಿಗೆ ಕೊಳೆತ ಮೀನಿನ ನಾತ. ಒಳ್ಳೆಯ ವರ್ಷ 1,300 ಕಿಲೋ ಕೊಡುತ್ತಿದ್ದ ಹೊಲ 900 ಕೊಟ್ಟಿತು. ಆ 900ನ್ನೂ ತೊರೆಯ ದಂಡೆಯ ನೀರಗಿರಣಿಯವನು ಬೀಸಲು ಒಪ್ಪಲಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಒಮ್ಮೆ ಕಲ್ಲಿಗೆ ಆ ವಾಸನೆ ಹತ್ತಿದರೆ ಮುಂದಿನ ಹತ್ತು ಗಿರಾಕಿಗಳ ಹಿಟ್ಟು ನಾರುತ್ತದೆ.

ಆ ವರ್ಷ ಕಿರಿಮಗ ರಷ್ಯಾಕ್ಕೆ ಹೊರಟಾಗ ಇನ್ನೊಂದು ಸಂಕಟ. ದೂರ ಹೋಗುವವರು ಒಂದು ನಾನ್ ಕಚ್ಚಿ ಹೋಗುತ್ತಾರೆ. ಕಚ್ಚಿದ ರೊಟ್ಟಿ ಅವರು ಮರಳಿ ಬರುವ ತನಕ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ಆ ರೊಟ್ಟಿ ಮನೆಯ ಗೋಧಿಯದೇ ಆಗಬೇಕೆಂಬುದು ಈ ಮನೆಯ ಹಟ. ಆ ಸಲ ಕಜಕ್ ಹಿಟ್ಟಿನ ರೊಟ್ಟಿ ತೂಗಿತು. ನಷ್ಟದ 400 ಕಿಲೋಗಿಂತ ಇದೇ ಆ ತಾಯಿಯನ್ನು ಕೆಲಸಕ್ಕೆ ಹಚ್ಚಿತು ಎಂದರೆ ಉತ್ಪ್ರೇಕ್ಷೆಯಲ್ಲ.

ರೋಗ ಇದು: ಗೋಧಿಯ ನಾರುವ ಕಾಡಿಗೆ. ಟಿಲೇಶಿಯಾ ಎಂಬ ಶಿಲೀಂಧ್ರದ ಕೆಲಸ. ತೆನೆ ಪೂರ್ತಿ ಕಪ್ಪಾಗಿ ಗಾಳಿಗೆ ಉದುರಿಹೋಗುವ ಬಿಡಿ ಕಾಡಿಗೆಯೇ ಬೇರೆ, ಇದೇ ಬೇರೆ. ಇದರಲ್ಲಿ ತೆನೆ ದೂರಕ್ಕೆ ಸರಿಯಾಗಿಯೇ ಕಾಣುತ್ತದೆ. ಹಾಲುಗಾಳಿನ ಹಂತದಲ್ಲಿ ಹತ್ತಿರ ಹೋದರೆ ಬಣ್ಣ ತುಸು ನೀಲಿ ಹಸಿರು, ಗಿಡ ಪಕ್ಕದ್ದಕ್ಕಿಂತ ಒಂದು ಗೇಣು ಗಿಡ್ಡ, ಸಿಪ್ಪೆಗಳು ಅಗಲಕ್ಕೆ ಬಿರಿದಿರುತ್ತವೆ. ಒಳಗೆ ಕಾಳಿನ ಆಕಾರದ್ದೇ ಬೂದುಗಂದು ಗುಳಿಗೆ. ಉಗುರಿನಲ್ಲಿ ಒತ್ತಿದರೆ ಕಾಡಿಗೆಯಂಥ ಪುಡಿ, ಮೀನಿನ ನಾತ. ಟ್ರೈಮೀಥೈಲಮೈನ್ ಎಂಬ ರಾಸಾಯನಿಕದ ವಾಸನೆ ಅದು, ಮೀನು ಹಳಸಿದಾಗ ಬರುವುದೂ ಅದೇ. ಹೊಲದಲ್ಲಿ ಗುಳಿಗೆ ಒಡೆಯುವುದಿಲ್ಲ. ಕಣದಲ್ಲಿ ಒಡೆಯುತ್ತದೆ. ಆ ಪುಡಿಯೇ ಶಿಲೀಂಧ್ರದ ಬೀಜಾಣು; ಒಂದು ಗುಳಿಗೆಯ ಲಕ್ಷಗಟ್ಟಲೆ ಬೀಜಾಣು ಒಳ್ಳೆಯ ಕಾಳುಗಳ ತುದಿಯ ರೋಮಕ್ಕೂ ಹೊಟ್ಟೆಯ ಸೀಳಿಗೂ ಅಂಟಿಕೊಳ್ಳುತ್ತದೆ. ಬಿತ್ತಿದ ಮೇಲೆ ಕಾಳಿನೊಟ್ಟಿಗೇ ಮೊಳೆತು, ಮೊಳಕೆ ಮಣ್ಣಿನಿಂದ ಮೇಲೆ ಬರುವ ಮೊದಲೇ ಒಳಹೊಕ್ಕು, ಗಿಡದೊಳಗೆ ಸದ್ದಿಲ್ಲದೆ ಬೆಳೆದು ತೆನೆಯಲ್ಲಿ ಪ್ರಕಟವಾಗುತ್ತದೆ. ಹೊಲದಲ್ಲಿ ರೋಗ ಕಂಡಾಗ ಆ ವರ್ಷಕ್ಕೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಮೊದಲು ಮಾಡಿದ್ದು

ಇದೆಲ್ಲ ಆಗ ಆ ಮನೆಯವರಿಗೆ ಗೊತ್ತಿರಲಿಲ್ಲ. ಕಣ್ಣು ಬಿದ್ದಿದೆ ಎಂದು ಕಣದ ಸುತ್ತ ಹಜಾರಿಸ್ಪಂದ್ ಗಿಡದ ಹೊಗೆ ಹಾಕಿದರು. ಬೀಜವನ್ನು ತೊರೆಯಲ್ಲಿ ತೊಳೆದು ಎರಡು ದಿನ ಒಣಗಿಸಿದರು. ದಪ್ಪಗೆ ಹರಡಿದ್ದರಿಂದ ಒಳಗೆ ತೇವ ನಿಂತು ಒಂದು ಚೀಲಕ್ಕೆ ಬೂಷ್ಟು ಬಂತು. ಮಣ್ಣಿನ ದೋಷವಿರಬೇಕೆಂದು ರೋಗ ಬಂದ ತುಂಡನ್ನು ಬೀಳುಬಿಟ್ಟು, ಅದೇ ಬೀಜವನ್ನು ಬೇರೆ ತುಂಡಿಗೆ ಹಾಕಿದರು; ರೋಗ ಬೀಜದ ಜೊತೆ ಹೊಸ ಹೊಲಕ್ಕೂ ನಡೆಯಿತು. ವ್ಯರ್ಥ ಎನಿಸಿದ ಈ ಪ್ರಯತ್ನಕ್ಕೆ ಒಂದು ಬೆಲೆ ಇತ್ತು. ತಪ್ಪು ಮಣ್ಣಿನದಲ್ಲ ಎಂದು ಅದರಿಂದ ಖಚಿತವಾಯಿತು.

ಹಾಗಾದರೆ ಬದುವಿನಾಚೆಯ ಹೊಲ? ಅಲ್ಲಿ ಬಿದ್ದದ್ದೂ ಅದೇ ರಾಶಿಯ ಬೀಜ. ಎತ್ತಿನವರ ಹೊಲ ಅದು. ಜಿಲ್ಲೆಯ ಒಬ್ಬ ಕೃಷಿ ಸಲಹೆಗಾರ ಬಂದು ಮೊದಲು ಕೇಳಿದ್ದು ಔಷಧದ ಬಗ್ಗೆ ಅಲ್ಲ, ಬಿತ್ತಿದ ದಿನದ ಬಗ್ಗೆ. ಆಚೆಯವರು ಅಕ್ಟೋಬರ್ ಮೊದಲ ಮಳೆಗೆ ಹದ ಸಿಕ್ಕ ವಾರದಲ್ಲೇ ಬಿತ್ತಿದ್ದರು. ಈಚೆ ಸರದಿ ಬಂದದ್ದು ನವೆಂಬರ್ ಮೂರನೆಯ ವಾರ. ಈ ಶಿಲೀಂಧ್ರಕ್ಕೆ 5ರಿಂದ 10 ಡಿಗ್ರಿ ತಂಪಿನ ತೇವದ ಮಣ್ಣು ಹಬ್ಬ. ಅಂಥ ಮಣ್ಣಿನಲ್ಲಿ ಮೊಳಕೆ ಮೇಲೇಳಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಅಷ್ಟೂ ದಿನ ರೋಗಕ್ಕೆ ಬಾಗಿಲು ತೆರೆದಿರುತ್ತದೆ. ಮಣ್ಣು ಬೆಚ್ಚಗಿದ್ದರೆ ಮೊಳಕೆ ವಾರ ಹತ್ತು ದಿನದಲ್ಲಿ ತಪ್ಪಿಸಿಕೊಳ್ಳುತ್ತದೆ. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಹಷರಿನ ಸರದಿ ತೀರ್ಮಾನಿಸಿತ್ತು.

ಕೆಂಪು ಬಣ್ಣದ ಬೀಜ

ಮೂರನೆಯ ವರ್ಷ ರಷ್ಯಾದಿಂದ ಬಂದ ಹಣದಲ್ಲಿ ಬಯಲುಸೀಮೆಯಿಂದ ಪ್ರಮಾಣೀಕೃತ ಬೀಜ ತರಿಸಿದರು, 180 ಕಿಲೋ. ಹೆಕ್ಟೇರಿಗೆ 150 ಕಿಲೋ ಲೆಕ್ಕ, ಕೈಯಲ್ಲಿ ಎರಚುವವರ ಅಳತೆ. ನೀರಾವರಿಯಲ್ಲಿ ಹೆಚ್ಚು ಇಳುವರಿ ಕೊಡುವ ಗಿಡ್ಡ ತಳಿ. ಶಿಲೀಂಧ್ರನಾಶಕ ಲೇಪಿಸಿ ಕೆಂಪು ಬಣ್ಣ ಹಾಕಿತ್ತು. ಹಿರಿಯರೊಬ್ಬರು ಆ ಚೀಲವನ್ನು ಮನೆಯೊಳಗೆ ಇಡಗೊಡಲಿಲ್ಲ, ಅದು ಒಳ್ಳೆಯದೇ ಆಯಿತು. 1971ರ ಚಳಿಗಾಲದಲ್ಲಿ ಇರಾಕಿನ ಹಳ್ಳಿಗಳಿಗೆ ಪಾದರಸದ ಲೇಪದ ಬಿತ್ತನೆ ಗೋಧಿ ಬಿತ್ತನೆಯ ಹಂಗಾಮು ದಾಟಿ ತಲುಪಿತ್ತು. ಜನ ಬಣ್ಣ ತೊಳೆದು ರೊಟ್ಟಿ ಸುಟ್ಟರು. ಬಣ್ಣ ಹೋಗಿತ್ತು, ವಿಷ ಹೋಗಿರಲಿಲ್ಲ. ಆಸ್ಪತ್ರೆಯ ಲೆಕ್ಕದಲ್ಲೇ 459 ಸಾವು. ಈಗಿನ ಲೇಪಗಳಲ್ಲಿ ಪಾದರಸವಿಲ್ಲ, ಆದರೂ ಲೇಪಿಸಿದ ಬೀಜ ಕೋಳಿಗೂ ಹಾಕುವಂಥದ್ದಲ್ಲ.

ಹೊಲದಲ್ಲಿ ಬೀಜ ಅರ್ಧಕ್ಕರ್ಧ ಮೇಲೆ ಬರಲೇ ಇಲ್ಲ. ಬೀಜ ಮಾರಿದವರ ಮೇಲೆ ಎಲ್ಲರೂ ಹರಿಹಾಯ್ದರು. ಅವರ ತಪ್ಪಾಗಿರಲಿಲ್ಲ, ಬಟ್ಟಲಲ್ಲಿ ಒದ್ದೆ ಬಟ್ಟೆಯ ಮೇಲೆ ಇಟ್ಟ 100 ಕಾಳಿನಲ್ಲಿ 94 ಮೊಳೆತಿದ್ದವು. ಎಡವಿದ್ದು ಆಳದಲ್ಲಿ. ಕೂರಿಗೆಯಲ್ಲಿ ಬಿತ್ತುವ ನಮ್ಮ ಬಯಲುಸೀಮೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೂರಿಗೆಯ ತಾಳು ಬೀಜವನ್ನು ಒಂದೇ ಆಳಕ್ಕೆ ಇಳಿಸುತ್ತದೆ. ಇಲ್ಲಿ ಹಾಗಿಲ್ಲ: ಮೊದಲು ಬೀಜ ಎರಚುತ್ತಾರೆ, ಆಮೇಲೆ ಮರದ ನೇಗಿಲಿನಿಂದ ಉತ್ತು ಮುಚ್ಚುತ್ತಾರೆ. ಬೀಜ 3 ಸೆಂಟಿಮೀಟರಿಗೂ ಬೀಳುತ್ತದೆ, 12ಕ್ಕೂ ಬೀಳುತ್ತದೆ. ಮೊಳಕೆಯ ತುದಿಯನ್ನು ಮಣ್ಣು ಸೀಳಿ ಮೇಲೆ ಒಯ್ಯುವ ಮುಸುಕು ಹಳೆಯ ಎತ್ತರದ ತಳಿಗಳಲ್ಲಿ ಉದ್ದ. ಗಿಡವನ್ನು ಗಿಡ್ಡ ಮಾಡುವ ವಂಶವಾಹಿಯೇ ಹಲವು ಹೊಸ ತಳಿಗಳಲ್ಲಿ ಆ ಮುಸುಕನ್ನೂ ಗಿಡ್ಡ ಮಾಡಿರುತ್ತದೆ. 5-6 ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದ ಕಾಳಿನಲ್ಲಿ ಮುಸುಕು ಅಲ್ಲೇ ನಿಲ್ಲುತ್ತದೆ, ಎಲೆ ಮಣ್ಣಿನೊಳಗೇ ಬಿಚ್ಚಿಕೊಂಡು ಸುರುಳಿ ಸುತ್ತಿ ಸಾಯುತ್ತದೆ. ಬೋಳು ಜಾಗದಲ್ಲಿ ಅಗೆದು ನೋಡಿದಾಗ ಕಂಡದ್ದು ಇದೇ, ಹಳದಿಗಟ್ಟಿದ ಸುರುಳಿ ಎಲೆಗಳು.

ಬಂದ ಗಿಡಗಳಲ್ಲಿ ಕಾಡಿಗೆ ಕಾಣಲಿಲ್ಲ. ಹಾಗಾಗಿ ಮುಂದಿನ ವರ್ಷಕ್ಕೆ ಬೀಜ ಸಿಕ್ಕಿತೆಂದು ನೆಮ್ಮದಿಯಾಗಿದ್ದರು. ಆ ಗೋಧಿಯನ್ನೂ ಒಕ್ಕಿದ್ದು ಅದೇ ಖಿರ್ಮನಿನಲ್ಲಿ, ಸರದಿಯ ಕೊನೆಗೆ, 13 ಮನೆಯ ರಾಶಿ ಎದ್ದ ಜಾಗದಲ್ಲಿ. ತುಂಬಿದ್ದು ಅವೇ ಚೀಲಗಳಿಗೆ. ಅಕ್ಟೋಬರಿನಲ್ಲಿ ಹಿಡಿ ಕಾಳನ್ನು ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಬೂದಿಬಣ್ಣಕ್ಕೆ ತಿರುಗಿತು. ಶುದ್ಧ ಬೀಜ ಕೊಂಡ ಹಣ ಒಂದು ಮಧ್ಯಾಹ್ನದ ಒಕ್ಕಣೆಯಲ್ಲಿ ಹೋಗಿತ್ತು.

ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಎಲ್ಲರೂ ಬೀಜವನ್ನೋ ಹೊಲವನ್ನೋ ನೋಡುತ್ತಿದ್ದರು. ಬಟ್ಟೆಯ ಮೇಲಿನ ಆ ಕಲೆಯಿಂದ ನೋಟ ಕಣಕ್ಕೆ ಹೊರಳಿತು. ಮುಯ್ಯಿಗೆ ಬಂದ ಜರಡಿ, ಮುಯ್ಯಿಗೆ ಬಂದ ಚೀಲ, ಮುಯ್ಯಿಗೆ ಬಂದ ಕೈ, ಇವೇ ರೋಗದ ದಾರಿ. ಹಾಗಂತ ಹಷರ್ ಬಿಟ್ಟರೆ 1.2 ಹೆಕ್ಟೇರ್ ಕೊಯ್ಯುವವರಾರು?

ಹುಲ್ಲು ಕೊಟ್ಟು ಕೊಂಡ ಅಕ್ಟೋಬರ್

ಆ ತಾಯಿ ಮೊದಲು ಬೀಜ ಬದಲಿಸಿದಳು. ಇನ್ನೂ ಮೇಲಿನ ಒಂದು ಹಳ್ಳಿಯಲ್ಲಿ ಕೆಂಪು ತೆನೆಯ ಹಳೇ ಗೋಧಿ ಉಳಿದಿತ್ತು, ‘ಸುರ್ಖ್‌ಖೂಷಾ’ ಎಂಬ ಹೆಸರಿನದು. ಸುರ್ಖ್ ಎಂದರೆ ಕೆಂಪು, ಖೂಷಾ ಎಂದರೆ ತೆನೆ. ಗಿಡ ಎದೆಮಟ್ಟ. 60 ಕಿಲೋ ಬೀಜಕ್ಕೆ 60 ಕಿಲೋ ಊಟದ ಗೋಧಿ, ಮೇಲೆ ಒಂದು ಚೀಲ ಒಣ ಹಿಪ್ಪುನೇರಳೆ ಕೊಟ್ಟು ಬದಲಿ ಮಾಡಿಕೊಂಡಳು. ಹಳೇ ತಳಿ ಎಂದ ಮಾತ್ರಕ್ಕೆ ಕಾಡಿಗೆಯನ್ನು ತಡೆಯುತ್ತದೆ ಎಂದಲ್ಲ. ಹಾಗೆ ನಂಬಿ ಕೆಟ್ಟವರಿದ್ದಾರೆ. ಈ ಬೀಜವೂ ಬಟ್ಟೆಯ ಪರೀಕ್ಷೆಯಲ್ಲಿ ತೆಳುವಾಗಿ ಕಲೆ ಬಿಟ್ಟಿತು.

ಆದ್ದರಿಂದ ಉಪಚಾರ. 10 ಲೀಟರ್ ನೀರಿಗೆ ಅರ್ಧ ಕಿಲೋ ಉಪ್ಪು ಕದಡಿ, ಕಾಳನ್ನು ಸ್ವಲ್ಪ ಸ್ವಲ್ಪವೇ ಸುರಿದು ಕೈಯಾಡಿಸುವುದು. ಒಡೆಯದ ಗುಳಿಗೆ, ಜೊಳ್ಳು, ಹೊಟ್ಟು ತೇಲುತ್ತವೆ, ಅವನ್ನು ಮೊಗೆದು ಸುಡುವುದು. ಮುಳುಗಿದ ಕಾಳನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಒಂದೇ ಕಾಳಿನ ದಪ್ಪಕ್ಕೆ ನೆರಳಲ್ಲಿ ಹರಡಿ, ಗಂಟೆಗೊಮ್ಮೆ ತಿರುವಿ, ಹಲ್ಲಿನಲ್ಲಿ ಕಡಿದರೆ ಟಕ್ ಎನ್ನುವವರೆಗೆ ಒಣಗಿಸುವುದು. ಇಷ್ಟರಿಂದ ಗುಳಿಗೆ ಹೋಗುತ್ತದೆ, ಸೀಳಿನಲ್ಲಿ ಕೂತ ಬೀಜಾಣು ಹೋಗುವುದಿಲ್ಲ. ಅದಕ್ಕೆ ಟೆಬುಕೊನಜೋಲ್ ಎಂಬ ಶಿಲೀಂಧ್ರನಾಶಕ: ಲೀಟರಿಗೆ 60 ಗ್ರಾಂ ಸತ್ವವಿರುವ ದ್ರಾವಣವಾದರೆ ಟನ್ನಿಗೆ ಅರ್ಧ ಲೀಟರ್, ಅಂದರೆ 60 ಕಿಲೋಗೆ 30 ಮಿಲಿಲೀಟರ್. ಅದನ್ನು ಅರ್ಧ ಲೀಟರಿಗೂ ಸ್ವಲ್ಪ ಹೆಚ್ಚು ನೀರಿಗೆ ಬೆರೆಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ಕಾಳಿನೊಡನೆ ಹಾಕಿ ಎಲ್ಲ ಕಾಳಿಗೂ ಬಣ್ಣ ಹತ್ತುವವರೆಗೆ ಉರುಳಿಸಿದರು. ಕೈಗವಸು, ಬಾಯಿಗೆ ಬಟ್ಟೆ. ಪ್ರಮಾಣ ಹೆಚ್ಚಾದರೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ಈ ಔಷಧವೇ ಮೊಳಕೆಯ ಮುಸುಕನ್ನು ಮೋಟು ಮಾಡುತ್ತದೆ, ಆಳದ ಬಿತ್ತನೆಯಲ್ಲಿ ಮತ್ತೆ ಅದೇ ತೊಂದರೆ.

ಬಿತ್ತಿದ್ದು 0.4 ಹೆಕ್ಟೇರ್ ಮಾತ್ರ. ಉಳಿದ ನೆಲಕ್ಕೆ ಕಡಲೆ ಮತ್ತು ಅಗಸೆ. ನೆರೆಹೊರೆಗೆ ಇದು ಹುಚ್ಚಾಗಿ ಕಂಡಿತು, ಆ ವರ್ಷ ಮನೆಗೆ ಹಿಟ್ಟು ಕೊಳ್ಳಬೇಕಾಯಿತಲ್ಲ. ಆದರೆ ಮಣ್ಣಿಗೆ ಉದುರಿದ ಬೀಜಾಣು ಗೋಧಿ ಸಿಗದೆ ಸಾಯಲು ಆ ವಿರಾಮ ಬೇಕಿತ್ತು.

ಇನ್ನು ಸರದಿ. ಎಲ್ಲರೂ ಕೂತ ಚಹಾದ ಹೊತ್ತಿನಲ್ಲಿ ಆಕೆ ನ್ಯಾಯ ಕೇಳಲಿಲ್ಲ, ವ್ಯಾಪಾರ ಮಾಡಿದಳು. ಎತ್ತಿನವರಿಗೆ ಚಳಿಗಾಲದಲ್ಲಿ ಸದಾ ಹುಲ್ಲಿನ ಕೊರತೆ; ಗಿಡ್ಡ ತಳಿಗಳು ಬಂದ ಮೇಲೆ ಇನ್ನಷ್ಟು. ಅವಳ ಎದೆಮಟ್ಟದ ಗೋಧಿಯ ಹುಲ್ಲಿನಲ್ಲಿ ಅರ್ಧ ಅವರಿಗೆ, ಬದಲಿಗೆ ಅಕ್ಟೋಬರಿನ ಮೊದಲ ಹದದಲ್ಲಿ ಒಂದು ದಿನದ ನೇಗಿಲು ಅವಳ ಹೊಲಕ್ಕೆ. ಒಪ್ಪಿಗೆಯಾಯಿತು. ಆಳದಿಂದ ಮೊಳೆಯಲಿ ಎಂದು ತಂದ ತಳಿಯ ಎತ್ತರವೇ ಬೇಗ ಬಿತ್ತುವ ಹಕ್ಕನ್ನೂ ಕೊಂಡುಕೊಟ್ಟಿತು.

ಒಕ್ಕಣೆಯಲ್ಲಿ ಎರಡು ಬದಲಾವಣೆ. ಬೀಜದ ಗೋಧಿಯನ್ನು ಖಿರ್ಮನಿಗೆ ಒಯ್ಯದೆ ಹೊಲದಲ್ಲೇ ಟಾರ್ಪಾಲಿನ ಮೇಲೆ ಕೋಲಿನಿಂದ ಬಡಿದರು. ಎತ್ತು ಹಂತಿ ಸುತ್ತಿದ್ದು ಊಟದ ಗೋಧಿಗೆ ಮಾತ್ರ. ಜರಡಿ, ಚೀಲಗಳನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿ, ಬೀಜದ ಚೀಲದ ಬಾಯಿಗೆ ಕೆಂಪು ದಾರ ಹೊಲಿದರು. ಕೆಂಪು ದಾರದ ಚೀಲ ಮುಯ್ಯಿಗೆ ಹೋಗುವುದಿಲ್ಲ.

ಏನಾಯಿತು

0.4 ಹೆಕ್ಟೇರಿನಿಂದ 420 ಕಿಲೋ ಬಂತು. ಹಾಲುಗಾಳಿನ ಹಂತದಲ್ಲಿ ಹೊಲದ ಐದು ಕಡೆ 100 ತೆನೆಯಂತೆ ಎಣಿಸಿದಾಗ 500ರಲ್ಲಿ ರೋಗದ್ದು 3. ಮರುವರ್ಷ 1 ಹೆಕ್ಟೇರಿಗೆ ಅದೇ ಬೀಜ. ಆ ವರ್ಷ ಅಕ್ಟೋಬರ್ ಮಳೆಯೇ ಬರಲಿಲ್ಲ. ಒಣ ಮಣ್ಣಿನಲ್ಲಿ ಬಿತ್ತಿದ ಕಾಳು ನವೆಂಬರ್ ಕೊನೆಯ ಮಳೆಗೆ, ತಣ್ಣಗಿನ ಮಣ್ಣಿನಲ್ಲೇ ಮೊಳೆಯಿತು. ಬೇಗ ಬಿತ್ತುವುದರ ಲಾಭ ಸೊನ್ನೆ. ಆದರೂ ರೋಗ 100ಕ್ಕೆ ಒಂದನ್ನು ದಾಟಲಿಲ್ಲ, ಅಲ್ಲಿ ಕೆಲಸ ಮಾಡಿದ್ದು ಲೇಪ ಮತ್ತು ಟಾರ್ಪಾಲು. ಲೇಪ ಹಾಕದೆ, ಬೇಗ ಬಿತ್ತುವುದನ್ನಷ್ಟೇ ಅನುಸರಿಸಿದ ಇನ್ನೊಂದು ಮನೆಗೆ ಅದೇ ವರ್ಷ ಕರಿ ದೂಳು ಕಂಡಿತು.

ಎಲ್ಲವೂ ಸುಸೂತ್ರ ಎನ್ನುವಂತಿಲ್ಲ. ಒಂದಿಷ್ಟು ಸುರ್ಖ್‌ಖೂಷಾವನ್ನು ಮನೆಯ ಹಿಂದಿನ ಓಬಿಯಲ್ಲಿ ಹಾಕಿ ನೀರು ಕೊಟ್ಟರು. ಮೇ ತಿಂಗಳ ಗಾಳಿಮಳೆಗೆ ಪೂರ್ತಿ ಮಲಗಿಬಿಟ್ಟಿತು. ಮೋಡ ಕವಿದ ತಂಪು ವಸಂತದಲ್ಲಿ ಎಲೆಗಳಿಗೆ ಹಳದಿ ತುಕ್ಕು ಎಂಬ ಇನ್ನೊಂದು ರೋಗ ಹತ್ತಿತು, ಅದಕ್ಕೆ ಈ ತಳಿಯಲ್ಲಿ ತಡೆಯಿಲ್ಲ. ಒಳ್ಳೆಯ ಮಳೆಯ ವರ್ಷ, 4 ಸೆಂಟಿಮೀಟರ್ ಆಳಕ್ಕೆ ಸರಿಯಾಗಿ ಬಿತ್ತಿದ ಹೊಸ ತಳಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಬಿತ್ತುವ ಯಂತ್ರ ಇಳಿಜಾರಿಗೆ ಹತ್ತುವ ದಿನ ಬಂದರೆ ಈ ಮನೆಯ ಆಯ್ಕೆಯೂ ಬದಲಾಗಬಹುದು.

14 ಮನೆಗಳಲ್ಲಿ 9 ಮನೆ ಕೆಂಪು ದಾರದ ಚೀಲ ಇಟ್ಟುಕೊಂಡಿವೆ. ಉಳಿದ 5ರಲ್ಲಿ ಎರಡು ಎತ್ತಿನ ಮನೆಗಳು. ಅವರ ಹೊಲ ಮೊದಲೇ ಬಿತ್ತನೆಯಾಗುವುದರಿಂದ ಅವರಿಗೆ ರೋಗ ಹೆಚ್ಚು ಕಂಡೇ ಇಲ್ಲ, ಕಾಣದ ರೋಗಕ್ಕೆ ಉಪ್ಪುನೀರು ಕಲಸುವುದು ಅವರಿಗೆ ಬೇಡ. ಆದರೆ ಆ 100ಕ್ಕೆ ಒಂದೆರಡು ತೆನೆಯ ಗುಳಿಗೆ ಕಣಕ್ಕೆ ಮೊದಲು ಬೀಳುವುದು ಅವರದೇ. ಕೂಟ ಅವರನ್ನು ಒಕ್ಕಣೆಯಲ್ಲಿ ಕೊನೆಗೆ ತಳ್ಳಲಾರದು, ಎತ್ತು ಅವರದು. ಹಾಗಾಗಿ ಕೆಂಪು ದಾರದ ಮನೆಗಳು ಖಿರ್ಮನಿನ ಮೇಲ್ಮಣ್ಣನ್ನು ಪ್ರತಿ ವರ್ಷ ಹೆರೆದು ತೆಗೆದು, ಹೊಸ ಜೇಡಿ ಮೆತ್ತಿ, ಬೀಜದ ಗೋಧಿಯನ್ನು ಮಾತ್ರ ದೂರದಲ್ಲೇ ಬಡಿದುಕೊಳ್ಳುತ್ತವೆ.

ಗಿರಣಿಯವನು ಈಗ ಈ ಮನೆಯ ಗೋಧಿ ಬೀಸುತ್ತಾನೆ. ಆದರೂ ಪ್ರತಿ ಸಲ ಚೀಲದ ತಳದವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಮೂಸಿಯೇ ತೂಬು ಎತ್ತುವುದು.